ಆನೆಗೆ ಹೆಸರಿತ್ತು

ಇತಿಹಾಸ ಈಗ ಪುಸ್ತಕದಲ್ಲಿಲ್ಲ, ಬೆರಳ ತುದಿಯಲ್ಲಿದೆ ಎಂದು ನಮಗೆ ತಿಳಿಸಿಕೊಟ್ಟವರು ಒಬ್ಬ ಸಂಪನ್ಮೂಲ ವ್ಯಕ್ತಿ. ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ತರಬೇತಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಸಮಾಜ ಪಾಠ ಮಾಡುವ ನಮ್ಮನ್ನೆಲ್ಲ ಯಾವುದೋ ಟ್ರಸ್ಟಿನವರು ಅಲ್ಲಿ ಕೂಡಿಹಾಕಿದ್ದರು. ಹಿಂದಿನ ದಿನದ ಮದುವೆಯ ಮಾವಿನ ತೋರಣ ಇನ್ನೂ ಬಾಡಿರಲಿಲ್ಲ. ಹೆಣ್ಣು ಗಂಡು ಕೂರುವ ಜಾಗದಲ್ಲಿ ಬಿಳಿ ಪರದೆ ಇಳಿಬಿಟ್ಟು, ಅದರ ಮೇಲೆ ವಿದೇಶದ ಒಂದು ದೊಡ್ಡ ಆರ್ಕೈವನ್ನು ತೆರೆಯಲು ಹೊರಟರು. ಅದು ತೆರೆಯಲಿಲ್ಲ. ಮಧ್ಯಾಹ್ನದವರೆಗೂ ಪರದೆಯ ನಡುವೆ ಒಂದು ಚಕ್ರ ತಿರುಗುತ್ತಿತ್ತು, ನಾವು ಅದನ್ನು ಭಕ್ತಿಯಿಂದ ನೋಡುತ್ತಿದ್ದೆವು. ಊಟಕ್ಕೆ ಶಾವಿಗೆ ಪಾಯಸ ಇತ್ತು, ಹಾಗಾಗಿ ಯಾರೂ ದೂರಲಿಲ್ಲ.

ಊಟವಾದ ಮೇಲೆ ಆರ್ಕೈವ್ ತೆರೆದುಕೊಂಡಿತು. ಭೇರ್ಯದ ಕಡೆಯಿಂದ ಬಂದಿದ್ದ ಮೇಷ್ಟ್ರೊಬ್ಬರು ಉತ್ಸಾಹದಿಂದ ಎದ್ದು ಹೋಗಿ ಭೇರ್ಯ ಎಂದು ಹುಡುಕಿದರು. ನೀವು ಹುಡುಕುತ್ತಿರುವುದು ಬರ್ಲಿನ್ನೇ ಎಂದು ಅದು ಮರುಪ್ರಶ್ನೆ ಹಾಕಿತು. ಮೇಷ್ಟ್ರು ಸ್ವಲ್ಪ ಯೋಚಿಸಿ ಹೌದು ಅಂತ ಒತ್ತಿದರು. ಆಮೇಲೆ ಸಂಜೆಯವರೆಗೂ ಕಟ್ಟಡಗಳು ಕುಸಿದುಬಿದ್ದ ಚಿತ್ರಗಳನ್ನು ನೋಡಿಕೊಂಡು ಸುಖವಾಗಿದ್ದರು.

ನಮಗೆ ಕೊಟ್ಟ ಕೆಲಸ ಇಷ್ಟು. ಎರಡನೇ ಮಹಾಯುದ್ಧಕ್ಕೂ ನಮ್ಮ ಸೀಮೆಗೂ ಇದ್ದ ನಂಟನ್ನು ಮಕ್ಕಳು ಆನ್‌ಲೈನ್ ಆರ್ಕೈವ್‌ನಲ್ಲಿ ಪತ್ತೆಹಚ್ಚಿ, ಒಬ್ಬೊಬ್ಬರ ಬಗ್ಗೆ ಒಂದೊಂದು ಕಾರ್ಡು ಬರೆಯಬೇಕು. ಕೊನೆಗೆ ಪ್ರದರ್ಶನ, ಬಹುಮಾನ. ಕಾರ್ಡಿನಲ್ಲಿ ಹೆಸರು ಇರಲೇಬೇಕು, ಆಧಾರ ಇರಲೇಬೇಕು.

"ಹೆಸರೇ ಗೊತ್ತಿಲ್ಲದೋರು ಬೇಡ. ನಮಗೆ ಡೇಟಾ ಮುಖ್ಯ" ಎಂದರು ಸಂಪನ್ಮೂಲ ವ್ಯಕ್ತಿ.

ನಾನು ಹುಣಸೂರಿನಿಂದ ದಿನಾ ಬಸ್ಸಿನಲ್ಲಿ ಎಚ್.ಡಿ. ಕೋಟೆ ಕಡೆಯ ಹೈಸ್ಕೂಲಿಗೆ ಹೋಗಿ ಬರುವವಳು. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕಂಪ್ಯೂಟರುಗಳ ಜೊತೆ ಬಿಸಿಯೂಟದ ಅಕ್ಕಿ ಮೂಟೆಗಳೂ ಇರುತ್ತವೆ. ಸಿಗ್ನಲ್ ಮಾತ್ರ ಕೋಣೆಯೊಳಗೆ ಬರುವುದಿಲ್ಲ, ಹೊರಗೆ ಕೈತೊಳೆಯುವ ನಲ್ಲಿಯ ಹತ್ತಿರ ಬರುತ್ತದೆ. ಹೀಗಾಗಿ ಒಂಬತ್ತನೇ ಕ್ಲಾಸಿನವರು ನಲ್ಲಿಯ ಸುತ್ತ ನಿಂತು, ನನ್ನ ಫೋನಿನಲ್ಲಿ ಮಹಾಯುದ್ಧವನ್ನು ಹುಡುಕಿದರು. ಒಬ್ಬರ ಕೈ ಒದ್ದೆಯಾದರೆ ಇನ್ನೊಬ್ಬರು ಫೋನು ಹಿಡಿಯುವುದು ಎಂದು ಅವರೇ ಪಾಳಿ ಮಾಡಿಕೊಂಡಿದ್ದರು. ಟ್ರಸ್ಟಿನ ಇಡೀ ಯೋಜನೆಯಲ್ಲಿ ಯಾರಾದರೂ ಯೋಚಿಸಿ ಮಾಡಿದ ಕೆಲಸ ಅದೊಂದೇ.

ಕಾಕನಕೋಟೆ ಎಂದು ಇಂಗ್ಲಿಷಿನಲ್ಲಿ ಬೇರೆ ಬೇರೆ ರೀತಿ ಬರೆದು ಹುಡುಕುತ್ತಾ ಹೋದಾಗ ಒಂದು ಫೋಟೊ ಸಿಕ್ಕಿತು. ಕಾಡಿನ ಅಂಚು. ದಪ್ಪ ದಿಮ್ಮಿ ಎಳೆಯುತ್ತಿರುವ ಆನೆ. ಪಕ್ಕದಲ್ಲಿ ಟೊಪ್ಪಿ ಹಾಕಿ, ದಿಮ್ಮಿಯ ಮೇಲೆ ಒಂದು ಕಾಲಿಟ್ಟು ನಿಂತ ಬಿಳಿಯ ಅಧಿಕಾರಿ. ಮರವನ್ನು ತಾನೇ ಎಳೆದು ಸುಸ್ತಾದವನ ಠೀವಿ ಅವನದು. ಆನೆಯ ಸೊಂಡಿಲ ಹತ್ತಿರ ಪಂಚೆ ಉಟ್ಟ ಒಬ್ಬ ತೆಳ್ಳಗಿನ ಯುವಕ. ಕೆಳಗೆ ಇಂಗ್ಲಿಷಿನಲ್ಲಿ ವಿವರ: ಅಧಿಕಾರಿಯ ಹೆಸರು, ಹುದ್ದೆ, ಅವನು ಓದಿದ ಶಾಲೆ. ಯುದ್ಧದ ಕೆಲಸಕ್ಕಾಗಿ ಮರ ಸಾಗಿಸುತ್ತಿರುವ ಆನೆ, ಅದರ ಹೆಸರು. ಆಮೇಲೆ, 'ಜೊತೆಗೆ ಒಬ್ಬ ಸ್ಥಳೀಯ ಆಳು'.

ನನಗೆ ಮೈಯೆಲ್ಲ ಉರಿಯಿತು. ಆನೆಗೂ ಹೆಸರಿದೆ. ನಾಯಿ ಇದ್ದಿದ್ದರೆ ಅದಕ್ಕೂ ಇರುತ್ತಿತ್ತು. ಈ ಹುಡುಗನೊಬ್ಬನ ಹೆಸರು ಕೇಳುವಷ್ಟು ಪುರುಸೊತ್ತು ಆ ಸಾಮ್ರಾಜ್ಯದಲ್ಲಿ ಯಾರಿಗೂ ಇರಲಿಲ್ಲ.

ಫೋನು ಹಿಡಿದಿದ್ದ ಹುಡುಗಿ ಮಾತ್ರ ಅದನ್ನು ವಾಪಸ್ ಕೊಡಲಿಲ್ಲ. ಅಂತರಸಂತೆ ಕಡೆಯ ಹಳ್ಳಿಯವಳು, ತರಗತಿಯಲ್ಲಿ ಅಷ್ಟಾಗಿ ಬಾಯಿ ಬಿಡದವಳು.

"ಮಿಸ್, ಇವ್ರು ನಮ್ಮ ಆನೆತಾತ ಇರ್ಬೋದು" ಎಂದಳು.

ಅವಳ ಮುತ್ತಜ್ಜಿಯ ಗಂಡ ಕಾವಾಡಿಯಾಗಿದ್ದನಂತೆ. ಆನೆಗೆ ಸೊಪ್ಪು ತರುವುದು, ಮೈ ತಿಕ್ಕುವುದು ಕಾವಾಡಿಯ ಕೆಲಸ. ಯುದ್ಧಕ್ಕೆ ಆನೆ ಬೇಕೆಂದು ರೈಲಿಗೆ ಹತ್ತಿಸಿದಾಗ ಅದರ ಜೊತೆ ಹೋದವನು ಮತ್ತೆ ಬರಲಿಲ್ಲ. ಆಗ ಮುತ್ತಜ್ಜಿ ಇನ್ನೂ ಚಿಕ್ಕ ಹುಡುಗಿ, ಬಸುರಿ. ತಮ್ಮನಿದ್ದ ತವರುಮನೆಗೆ ಬಂದು ಹೆಣ್ಣು ಹೆತ್ತಳು. ಆ ಮಗಳ ಮಗಳೇ ಈ ಹುಡುಗಿಯ ತಾಯಿ.

"ಅವರ ಹೆಸರೇನಮ್ಮ?"

"ಗೊತ್ತಿಲ್ಲ ಮಿಸ್. ಅಜ್ಜಿ ಯೋಳಾಕಿಲ್ಲ. ಗಂಡನ್ ಎಸ್ರು ಯೋಳ್ಬಾರ್ದಲ್ವಾ."

ಹೆಸರು ಗೊತ್ತಿದ್ದ ತಮ್ಮ ತೀರಿಹೋಗಿದ್ದ, ಮಗಳೂ ಹೋಗಿದ್ದಳು. ಮನೆಯಲ್ಲಿ ಉಳಿದವರಿಗೆಲ್ಲ ಅವನು ಬರೀ ಆನೆತಾತ. ಕಾಗದಪತ್ರ ಏನಾದರೂ ಇರಬೇಕಲ್ಲ ಎಂದೆ. ಇತ್ತು. ಹಿಂದೊಮ್ಮೆ ರೇಷನ್ ಕಾರ್ಡು ಬರೆಯಲು ಬಂದವನು ಗಂಡನ ಹೆಸರು ಕೇಳಿದ್ದಾನೆ. ಅಜ್ಜಿ ಬಾಯಿ ಬಿಟ್ಟಿಲ್ಲ. ಪಕ್ಕದಲ್ಲಿ ನಿಂತಿದ್ದ ತಮ್ಮನನ್ನು ನಿನ್ನ ಹೆಸರೇನಯ್ಯ ಎಂದಿದ್ದಾನೆ. ತಮ್ಮ ಹೇಳಿದ್ದಾನೆ. ಅದನ್ನೇ ಗಂಡನ ಕಾಲಮ್ಮಿನಲ್ಲಿ ಬರೆದುಕೊಂಡು ಹೋಗಿದ್ದಾನೆ. ಅಂದಿನಿಂದ ಸರ್ಕಾರದ ಲೆಕ್ಕದಲ್ಲಿ ಅಜ್ಜಿಗೆ ಒಡಹುಟ್ಟಿದವನೇ ಗಂಡ. ಆಧಾರಿನಲ್ಲೂ ಅದೇ ಮುಂದುವರಿದಿದೆ.

ಹುಡುಗಿಗೆ ಬೇಕಾಗಿದ್ದು ಒಂದೇ. ಪ್ರದರ್ಶನದಲ್ಲಿ ಆನೆತಾತನ ಕಾರ್ಡು ಇರಬೇಕು, ಅದರಲ್ಲಿ ಅವರ ಹೆಸರಿರಬೇಕು. ಹೆಸರಿಲ್ಲದಿದ್ದರೆ ಕಾರ್ಡೇ ಇಲ್ಲ ಎಂಬ ನಿಯಮವನ್ನು ಕ್ಲಾಸಿನಲ್ಲಿ ಓದಿ ಹೇಳಿದವಳು ನಾನೇ.

ಒಂದು ಭಾನುವಾರ ಅವಳ ಮನೆಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಎರಡು ಕಣ್ಣಿಗೂ ಪೊರೆ ಬಂದಿದೆ, ಕಿವಿ ಮಾತ್ರ ಚುರುಕು. ಆ ಜಗಲಿ ಅವರ ರಾಜ್ಯ. ವೋಟು ಕೇಳಲು ಬಂದವರಿಗೂ, ಬೀಗರಿಗೂ ಅವರು ಅಲ್ಲಿಂದ ಇಳಿದವರಲ್ಲ ಎಂದು ಹುಡುಗಿಯ ತಾಯಿ ಮೊದಲೇ ಹೇಳಿದ್ದಳು. ನನಗೂ ಇಳಿಯಲಿಲ್ಲ.

"ಬನ್ನಿ ಟೀಚರಮ್ಮ, ಕುಂತ್ಕಳಿ. ನಮ್ಮ ಮಗ ಓದ್ತದಾ?" ಎಂದು ಮರಿಮಗಳ ಬಗ್ಗೆ ಕೇಳಿದರು.

ಹೆಸರು ಹೇಳಿಸಲು ನನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಹೂಡಿದೆ. ಮದುವೆಮನೆಯಲ್ಲಿ ಹೊಸ ಹೆಣ್ಣನ್ನು ಕಾಡಿಸಿ ಒಗಟು ಕಟ್ಟಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಹಾಗೆ ಕೇಳಿದೆ. ಯಾವ ದೇವರ ಹೆಸರು ಎಂದೆ. ಯಾವ ಅಕ್ಷರದಿಂದ ಶುರುವಾಗುತ್ತದೆ ಎಂದೆ. ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕರು.

"ಓದ್ದೋರು ನೀವು, ನಿಮ್ಗೆ ಇಷ್ಟೂ ಗೊತ್ತಿಲ್ವಾ? ಆ ಎಸ್ರು ನನ್ ಬಾಯಲ್ ಬರಾಕಿಲ್ಲ ಕಣವ್ವ. ಬುಡಿ."

"ಹೋಗಲಿ, ಆನೆ ಹೆಸರಾದರೂ ಹೇಳಿ."

ಅದನ್ನು ತಕ್ಷಣ ಹೇಳಿದರು. ಅವರೂರಿನ ದೇವತೆಯ ಹೆಸರು. "ಎಣ್ಣಾನೆ ಕಣವ್ವ. ನಂಗಿಂತ ಅದ್ನೇ ಚೆನ್ನಾಗ್ ನೋಡ್ಕತಿದ್ರು" ಎಂದು ಹಳೆಯ ಸವತಿಯನ್ನು ನೆನೆದ ಹಾಗೆ ಮೂತಿ ತಿರುಗಿಸಿದರು.

ನನಗೆ ಗಲಿಬಿಲಿಯಾಯಿತು. ಫೋಟೊದಲ್ಲಿದ್ದ ಆನೆಯ ಹೆಸರು ಅದಲ್ಲ. ಹಾಗಾದರೆ ಇವರು ಬೇರೆ, ಅವರು ಬೇರೆ ಎಂದು ಒಳಗೊಳಗೇ ಕೈಬಿಟ್ಟೆ. ಹುಡುಗಿ ಬಿಡಲಿಲ್ಲ. ನಾನು ನನ್ನ ಫೋನಿನಲ್ಲಿ ಉಳಿಸಿಕೊಂಡು ಬಂದಿದ್ದ ಚಿತ್ರ ತೆಗೆದು, ಕಣ್ಣು ಕಾಣದ ಅಜ್ಜಿಗೆ ಇಂಗ್ಲಿಷನ್ನು ಕನ್ನಡ ಮಾಡಿ ಓದಿ ಹೇಳತೊಡಗಿದಳು. ಅಧಿಕಾರಿಯ ಹೆಸರು ಓದಿದಳು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವನ ಶಾಲೆ ಓದಿದಳು. ಅಜ್ಜಿ ಅಡಿಕೆ ಹುಡುಕುತ್ತಿದ್ದರು. ಆಮೇಲೆ ಆನೆಯ ಹೆಸರು ಓದಿದಳು.

ಅಜ್ಜಿಯ ಕೈ ನಿಂತಿತು. ಎಲೆಯನ್ನು ಪಕ್ಕಕ್ಕಿಟ್ಟರು. ಚಾಚಿದ ಕಾಲು ಮಡಿಸಿಕೊಂಡರು. ಸೆರಗನ್ನು ಎರಡೂ ಭುಜ ಮುಚ್ಚುವ ಹಾಗೆ ಹೊದ್ದು, ಕೈಯಿಂದ ತಡವುತ್ತಾ ಜಗಲಿಯಿಂದ ಕೆಳಗಿಳಿದು, ನೆಲದ ಮೇಲೆ ತಲೆ ತಗ್ಗಿಸಿ ಕೂತರು. ಗಂಡ ಮನೆಗೆ ಬಂದಾಗ ಹೆಂಡತಿ ಜಗಲಿಯ ಮೇಲೆ ಕೂರುವ ಕಾಲವಲ್ಲ ಅದು.

ನಾನು ಹುಡುಗಿಯ ಕೈಯಿಂದ ಫೋನು ತೆಗೆದುಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಆನೆಗೆ ದಂತ ಇರಲಿಲ್ಲ. ಆನೆಗೆ ಇಟ್ಟಿದ್ದ ಹೆಸರು ನಮ್ಮ ಕಡೆ ಗಂಡಸರು ಇಟ್ಟುಕೊಳ್ಳುವ ಹೆಸರು. ಏನು ನಡೆದಿರಬಹುದೆಂದು ಆಗ ತಿಳಿಯಿತು. ಅಧಿಕಾರಿ ಆನೆಯ ಕಡೆ ಕೈ ತೋರಿಸಿ ಹೆಸರು ಕೇಳಿದ್ದಾನೆ. ತನ್ನ ಹೆಸರನ್ನೂ ಕೇಳುವ ದೊರೆ ಇದ್ದಾನಲ್ಲ ಎಂದುಕೊಂಡು ಆ ಹುಡುಗ ಸಂಭ್ರಮದಿಂದ ತನ್ನ ಹೆಸರು ಹೇಳಿದ್ದಾನೆ. ಅಧಿಕಾರಿ ಅದನ್ನು ಆನೆಗೆ ಬರೆದುಕೊಂಡು ಹೋಗಿದ್ದಾನೆ. ರೇಷನ್ ಕಾರ್ಡಿನವನಿಗೂ ಆ ಸಾಹೇಬನಿಗೂ ಒಬ್ಬರೇ ತರಬೇತಿ ಕೊಟ್ಟಿರಬೇಕು. ಆ ಕಲ್ಯಾಣ ಮಂಟಪದಲ್ಲೇ ಕೊಟ್ಟಿದ್ದರೂ ನನಗೆ ಆಶ್ಚರ್ಯವಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಪಕ್ಕದ ಸೀಟಿನ ಹೆಂಗಸು ಏನೂ ಕೇಳದೆ ತನ್ನ ಚೀಲದಿಂದ ಒಂದು ಸೀಬೆಹಣ್ಣು ತೆಗೆದುಕೊಟ್ಟಳು.

ಹುಡುಗಿ ಕಾರ್ಡು ಬರೆದಳು. ದಪ್ಪ ಅಕ್ಷರದಲ್ಲಿ ತಾತನ ಹೆಸರು. ಪ್ರದರ್ಶನದ ದಿನ ಸಂಪನ್ಮೂಲ ವ್ಯಕ್ತಿ ಅದರ ಮುಂದೆ ನಿಂತು, ಫೋನಿನಲ್ಲಿ ಆರ್ಕೈವ್ ತೆಗೆದು ತಾಳೆ ನೋಡಿದರು.

"ಇದು ಆನೆ ಹೆಸರಲ್ವಾ ಮೇಡಂ? ಇಲ್ಲಿ ಕ್ಲಿಯರ್ ಆಗಿ ಇದೆ. ನಿಮ್ಮ ಸೋರ್ಸ್ ಏನು?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು: "ನಮ್ಮಜ್ಜಿ ಜಗಲಿಯಿಂದ ಕೆಳಿಕ್ಕಿಳುದ್ರು ಸಾರ್."

ಅವರು ಅವಳ ತಲೆ ಸವರಿ ನಕ್ಕರು. ಬಹುಮಾನ ಪಿರಿಯಾಪಟ್ಟಣ ಕಡೆಯ ಶಾಲೆಗೆ ಹೋಯಿತು. ಆ ಶಾಲೆಯವರು ಬೈಲಕುಪ್ಪೆಯ ಲಾಮಾಗಳ ಫೋಟೊ ಅಂಟಿಸಿ, ಮಹಾಯುದ್ಧದ ನಿರಾಶ್ರಿತರು ಎಂದು ಬರೆದಿದ್ದರು. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಟಿಬೆಟ್ಟಿನವರು ಇಲ್ಲಿಗೆ ಬಂದದ್ದು ಎಂದು ನಾನು ಹೇಳಿದೆ. ಲೇಔಟ್ ಬಹಳ ಚೆನ್ನಾಗಿದೆ ಎಂದು ಸಂಪನ್ಮೂಲ ವ್ಯಕ್ತಿ ಹೇಳಿದರು.

ಹುಡುಗಿ ನಲ್ಲಿಯ ಹತ್ತಿರ ನಿಂತು ಆರ್ಕೈವಿಗೂ ಬರೆದಳು. ತಪ್ಪು ಕಂಡರೆ ತಿಳಿಸಿ ಎಂದು ಅಲ್ಲೊಂದು ಜಾಗವಿದೆ. ಆಧಾರ ಎಂಬ ಕಡೆ ಸಂಪನ್ಮೂಲ ವ್ಯಕ್ತಿಗೆ ಹೇಳಿದ್ದನ್ನೇ ಕನ್ನಡದಲ್ಲಿ ಹಾಕಿದಳು. ನಿಮ್ಮ ಆಸಕ್ತಿಗೆ ಧನ್ಯವಾದ, ಮೂಲವನ್ನು ಲಗತ್ತಿಸಿ ಎಂದು ಮರುಕ್ಷಣವೇ ಯಂತ್ರದ ಉತ್ತರ ಬಂತು.

"ಅಜ್ಜೀನ ಎಂಗ್ ಲಗತ್ಸದು ಮಿಸ್?" ಎಂದಳು. ಆರ್ಕೈವಿನಲ್ಲಿ ಇವತ್ತಿಗೂ ಅದು ಆನೆಯ ಹೆಸರೇ.

ಮೊನ್ನೆ ಅಜ್ಜಿ ಹೇಗಿದ್ದಾರೆ ಎಂದು ಕೇಳಿದೆ. ಫೋಟೊದ ಕೆಳಗಿನ ವಿವರವನ್ನು ಹುಡುಗಿ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದಳು. ದಿನಾ ಸಂಜೆ ಅವಳು ಶಾಲೆಯಿಂದ ಹೋದ ಕೂಡಲೇ ಕರೆಯುತ್ತಾರಂತೆ: "ಬಾ ಮಗ, ಅದೇನೋ ಆನೆ ಇಸ್ಯ ಬರ್ದವ್ರಲ್ಲ, ಓದು ಇನ್ನೊಂದ್ಸತಿ." ತಮ್ಮ ಬಾಯಲ್ಲಿ ತರಬಾರದ ಆ ಹೆಸರನ್ನು ಇಷ್ಟು ಕಾಲ ಅವರ ಕಿವಿಗೆ ಹಾಕುವವರೂ ಇರಲಿಲ್ಲ.

"ಈಗ ಓದಾಕೆ ಮುಂಚೇನೆ ಕೆಳಿಕ್ಕಿಳ್ದು ಕುಂತಿರ್ತರೆ ಮಿಸ್" ಎಂದಳು ಹುಡುಗಿ.