ಶುದ್ಧರಕ್ತನ ಗುಲಾಬಿಗಳು

ಕೆಲವರು ಮೀಸೆ ತಿರುವಿ ಮೆರೆಯುತ್ತಾರೆ. ನಮ್ಮ ನಾಯಕ ಎಡತೋಳಿನ ಅಂಗಿ ಮಡಚಿ ಮೆರೆಯುತ್ತಿದ್ದ. ಭೂಮಂಡಲದ ಅತಿ ನಿರ್ಮಲ ರಕ್ತ ಆ ತೋಳಿನಲ್ಲೇ ಹರಿಯುತ್ತದೆಂದು ಅವನ ನಂಬಿಕೆ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಆ ನರದ ದರ್ಶನ ಮಾಡಿಸಿದ್ದುಂಟು. ಅವನು ಕೆಲಸ ಮಾಡುವ ಪ್ರಯೋಗಾಲಯದವರು ಅವನಿಗೆ ಶುದ್ಧರಕ್ತ ಎಂದೇ ಹೆಸರಿಟ್ಟಿದ್ದರು.

ಸುಮ್ಮನೆ ಇಟ್ಟದ್ದಲ್ಲ. ಜನರ ರಕ್ತದಲ್ಲಿ ಕೀಟನಾಶಕ ಎಷ್ಟು ಸೇರಿದೆಯೆಂದು ಅಳೆಯುವುದು ಅಲ್ಲಿನ ಕೆಲಸ. ಹೋಲಿಸಿ ನೋಡಲು, ಅದರ ಸೋಂಕೇ ಇಲ್ಲದವರ ರಕ್ತ ಬೇಕು. ಆರು ವರ್ಷದಿಂದ ಆ ರಕ್ತ ಇವನದೇ. ಅರ್ಜಿಯಲ್ಲಿ 'ಕೀಟನಾಶಕ ಬಳಸುತ್ತೀರಾ?' ಎಂದಿದ್ದ ಕಡೆ 'ಇಲ್ಲ' ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಬೇರೆ ಎಳೆದಿದ್ದ.

ಹೂ ಬೆಳೆಯುವ ಶೆಡ್ಡಿನಲ್ಲಿ ದುಡಿಯುವ ಅವನ ಅಕ್ಕನಿಗೆ ತಲೆಸುತ್ತು ಶುರುವಾಯಿತು. ಅವಳ ರಕ್ತ ತೆಗೆದವನು ಇವನೇ, ಅಳೆದವನು ಇವನೇ, 'ಸಾಮಾನ್ಯರಿಗಿಂತ ಹೆಚ್ಚೇನಿಲ್ಲ' ಎಂಬ ವರದಿ ಕೈಗಿತ್ತವನೂ ಇವನೇ. ಅದನ್ನು ನೋಡಿದ ಶೆಡ್ಡಿನ ಮೇಸ್ತ್ರಿ, ಅವಳನ್ನು ಕೀಟಕ್ಕೆ ಔಷಧಿ ಹೊಡೆಯುವ ಕೆಲಸದಿಂದ ಬಿಡಿಸಲು ಒಪ್ಪಲಿಲ್ಲ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಅಕ್ಕ ಅವನ ಮನೆಯ ತಾರಸಿ ಹತ್ತಿದಳು. ಶುದ್ಧರಕ್ತ ಬನಿಯನ್ನಿನಲ್ಲಿ, ಕೈಗವಸೂ ಇಲ್ಲದೆ ಔಷಧಿ ಪಂಪು ಹಿಡಿದು, ಹನ್ನೆರಡು ಕುಂಡಗಳ ಗುಲಾಬಿಯ ಪರವಾಗಿ ಗಿಡಹೇನುಗಳ ಮೇಲೆ ಘೋರ ಯುದ್ಧ ಸಾರಿದ್ದ.

"ಲೋ, ಇದು ನಮ್ಮ ಶೆಡ್ಡಿನ ವಾಸನೆ ಕಣೋ!"

"ನಾಲ್ಕು ಗಿಡಕ್ಕೆ ಒಂಚೂರು ಹೊಡೆಯೋದು ಕಣಕ್ಕ, ಇದೇನು ಬೇಸಾಯವಾ? ಭಾನುವಾರ ಭಾನುವಾರ..."

ಅರ್ಜಿಯಲ್ಲಿ 'ಇಲ್ಲ'ದ ಅಡಿ ಎಳೆದ ಎರಡು ಗೆರೆ ನೆನಪಾಯಿತು. ಪಂಪು ಕೈಯಿಂದ ಜಾರಿತು.

ಸೋಮವಾರ ತನ್ನ ರಕ್ತವನ್ನೇ ಯಂತ್ರಕ್ಕಿಟ್ಟ. ಪರದೆಯ ಮೇಲೆ ಕೀಟನಾಶಕದ ಗೀಟು ಎದ್ದು ನಿಂತಿತು, ಅಕ್ಕನದಕ್ಕೆ ಸರಿಸಮನಾಗಿ. ಇದಕ್ಕೇ ಹೋಲಿಸಿ ನೋಡಿದ್ದರಿಂದ ಅವಳದರಲ್ಲಿ ಹೆಚ್ಚೇನೂ ಕಂಡಿರಲಿಲ್ಲ! ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ. ಮುಖ್ಯಸ್ಥರ ಬಾಗಿಲವರೆಗೆ ಮೂರು ಸಲ ದಂಡೆತ್ತಿ ಹೋಗಿ, ಮೂರು ಸಲವೂ ನೀರು ಕುಡಿಯುವ ನೆಪದಲ್ಲಿ ಹಿಮ್ಮೆಟ್ಟಿದ. ನಾಲ್ಕನೆಯ ಸಲ ಒಳಹೊಕ್ಕು ಎಲ್ಲವನ್ನೂ ಹೇಳಿದ. ಆರು ವರ್ಷದ ವರದಿಗಳನ್ನೆಲ್ಲ ವಾಪಸು ತರಿಸಿ ಎಂದರು ಅವರು.

ಮೊದಲು ಹೋದದ್ದು ಅಕ್ಕನ ಮನೆಗೆ. ಕೇಳಿದವಳು ಸೌಟು ಕೆಳಗಿಟ್ಟಳು.

"ಎರಡು ತಿಂಗಳು ಆ ಮೇಸ್ತ್ರಿ ನನ್ನನ್ನ ನಾಟಕದೋಳು ಅಂದನಲ್ಲೋ. ನನಗೂ ಹೌದೇನೋ ಅನ್ನಿಸಿಬಿಟ್ಟಿತ್ತು."

 ಅವನ ಅಂಗಿಯ ತೋಳು ಮಣಿಕಟ್ಟಿನವರೆಗೂ ಇಳಿದಿತ್ತು.

"ಹೇಳಪ್ಪಾ ಶುದ್ಧರಕ್ತ, ಇನ್ನು ಯಾವ ಮಹಾಪುರುಷನ ರಕ್ತ ಇಡ್ತೀರಿ ಅಲ್ಲಿ?"

"ನಂದಂತೂ ಅಲ್ಲ. ಕೈ ಚಾಚಕ್ಕ, ನಿಂದು ಮತ್ತೆ ತೆಗೀಬೇಕು."