ಕೊಯ್ಯದೆ ಬಿಟ್ಟ ಐದು ಗಿಡ

ಕಳೆದ ತಿಂಗಳು ನಾನು ವನ್ಯಜೀವಿ ರಕ್ಷಕನಾದೆ. ಪುರಾವೆಗೆ ಒಂದು ಆಮಂತ್ರಣ ಪತ್ರಿಕೆ ಇದೆ.

ಹೆತ್ತೂರಿನ ಕಡೆಯ ಒಂದು ಶಾಲೆಯವರು ಅಚ್ಚು ಹಾಕಿಸಿದ್ದು. ‘ಮುಖ್ಯ ಅತಿಥಿಗಳು’ ಅಂತ ನನ್ನ ಹೆಸರು, ಹೆಸರಿನ ಕೆಳಗೆ ‘ವನ್ಯಜೀವಿ ರಕ್ಷಕರು’. ನಾನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಕಾಫಿ ಬೆಳೆಯುತ್ತಿರುವವನು. ನಮ್ಮ ಮನೆಯ ಬೆಕ್ಕೇ ನನ್ನನ್ನು ಪೂರ್ತಿ ನಂಬುವುದಿಲ್ಲ.

ಎಲ್ಲದಕ್ಕೂ ಕಾರಣ ಒಂದು ಫೋಟೋ. ನಾಲ್ಕು ವರ್ಷದ ಹಿಂದಿನದು (ಐದೂ ಇರಬಹುದು). ತೋಟದಲ್ಲಿ ಕಾಫಿ ಮೂಟೆ ಇಡುವ ಸ್ಟೋರಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ತೊಡೆಯ ಮೇಲೆ ಕಾಡುಕುರಿಯ ಮರಿ, ಅದರ ಬಾಯಿಗೆ ಹಾಲಿನ ಬಾಟಲಿ. ಕಾಡುಕುರಿ ಅಂದರೆ ಕುರಿಯಲ್ಲ, ನಾಯಿಯ ಹಾಗೆ ಬೊಗಳುವ ಸಣ್ಣ ಜಿಂಕೆ. ಹಣ್ಣು ಕೊಯ್ಯುವಾಗ ಗಿಡದ ಬುಡದಲ್ಲಿ ಸಿಕ್ಕಿತ್ತು. ಯಾರೋ ಕ್ಲಿಕ್ಕಿಸಿದರು, ಫೋಟೋ ವಾಟ್ಸಾಪಿನಲ್ಲಿ ವನಗೂರು, ಹೊಂಗಡಹಳ್ಳ ಎಲ್ಲ ಸುತ್ತಿತು. ನಾನು ಕರುಣಾಳು ಎಂದು ತೀರ್ಮಾನವಾಯಿತು.

ಆಮೇಲೆ ಆ ಮರಿ ಏನಾಯಿತು ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೇನೆ: ಜೀಪಿನಲ್ಲಿ ಕರೆದುಕೊಂಡು ಹೋಗಿ ಅರಣ್ಯ ಇಲಾಖೆಯವರಿಗೆ ಒಪ್ಪಿಸಿದೆ. ಆ ಪ್ರಯಾಣ ನನಗೆ ಚೆನ್ನಾಗಿ ನೆನಪಿದೆ. ರಸ್ತೆಯ ತಿರುವುಗಳು, ಮಡಿಲಲ್ಲಿ ರಟ್ಟಿನ ಪೆಟ್ಟಿಗೆ, ಒಡೆದ ಹಾಲಿನ ವಾಸನೆ. ಇಷ್ಟು ವಿವರ ಇರುವ ನೆನಪು ಸುಳ್ಳಾಗಲು ಸಾಧ್ಯವೇ?

ಸಮಾರಂಭ ಶನಿವಾರ. ಗುರುವಾರ ಮಧ್ಯಾಹ್ನ ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಮಂಜ ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಸುತ್ತಿದ ಸ್ವೆಟರ್. ಸ್ವೆಟರಿನ ಒಳಗಿಂದ ಎರಡು ಕಣ್ಣು.

“ಸಾರ್, ಇನ್ನೊಂದು ಸಿಕ್ತು! ತಾಯಿ ಬಿಟ್ಟೋಗ್ಬುಟ್ಟೈತೆ. ನೀವು ಹಂಗೇ ಎತ್ಕೊಳ್ಳಿ, ಒಂದು ಫೋಟೋ ಹೊಡೀತೀನಿ.”

ಅವನ ಹಿಂದೆಯೇ ಗಂಗಮ್ಮ ಬಂದಳು. ಮೂವತ್ತು ವರ್ಷದಿಂದ ನಮ್ಮ ತೋಟದಲ್ಲಿ ಹಣ್ಣು ಕೊಯ್ಯುವವಳು. ಸೀರೆಯ ಮೇಲೆ ಗಂಡಸರ ಹಳೆಯ ಶರಟು, ಸೊಂಟಕ್ಕೆ ಅರ್ಧ ತುಂಬಿದ ಚೀಲ. ಮರಿ ಸಿಕ್ಕಿದ್ದು ಅವಳ ಸಾಲಿನಲ್ಲಿ. ಅವಳು ಬೇಡ ಅನ್ನುತ್ತಿದ್ದರೂ ಮಂಜ ಎತ್ತಿಕೊಂಡು ಓಡಿ ಬಂದಿದ್ದ.

“ಏನ್ಲಾ ಮಂಜ, ತಾಯಿ ಬುಟ್ಟೋಗೈತೆ ಅಂತ ನಿಂಗ್ಯಾರ್ಲಾ ಹೇಳಿದ್ದು? ಮಲಗ್ಸಿ ಮೇಯಕ್ಕೋಗೈತೆ. ನಿಮ್ಮವ್ವ ನಿನ್ನ ಲೈನ್ ಮನೇಲಿ ಮಲಗ್ಸಿ ಹಣ್ಣು ಕುಯ್ಯಕ್ಕೆ ಬತ್ತಿರ್ನಿಲ್ವಾ? ಅವಾಗ ಯಾರಾರ ನಿನ್ನ ಸ್ವೆಟ್ರಲ್ಲಿ ಸುತ್ಕೊಂಡೋಗಿದ್ರೆ?”

ಮಂಜ ನನ್ನ ಮುಖ ನೋಡಿದ. ನಾನು ಮರಿಯ ಮುಖ ನೋಡಿದೆ.

“ಆ ಸಲನೂ ಇದೇ ಹೇಳ್ದೆ ಅಣ್ಣಯ್ಯ. ನೀವು ಕೇಳ್ನಿಲ್ಲ” ಅಂದಳು ಗಂಗಮ್ಮ. ಜಗಳದ ದನಿಯಲ್ಲಲ್ಲ, ನಿನ್ನೆ ಮೋಡ ಇತ್ತು ಅನ್ನುವ ಹಾಗೆ.

“ಆ ಮರೀನ ಫಾರೆಸ್ಟಿನವರಿಗೆ ಕೊಟ್ಟೆನಲ್ಲ ಗಂಗಮ್ಮ.”

“ಯಾವ ಫಾರೆಸ್ಟು? ಮೂರ್ನೇ ದಿನಕ್ಕೇ ಹೋಗ್ಬುಡ್ತಲ್ಲ. ಸ್ಟೋರಿನ ಹಿಂದ್ಗಡೆ ನಾನೇ ಮಣ್ಣು ಮಾಡ್ದೆ. ನೀವು ಅಲ್ಲೇ ನಿಂತಿದ್ರಿ.”

ಹಾಗಾದರೆ ಜೀಪು? ಪೆಟ್ಟಿಗೆ? ತಿರುವುಗಳು?

ಪಶುವೈದ್ಯರಿಗೆ ತೋರಿಸಲು ಹೋಗಿದ್ದಿರಬಹುದು. ಹೊರಡಬೇಕು ಅಂತ ಬರೀ ಯೋಚಿಸಿದ್ದಿರಬಹುದು. ಒಂದು ಮಾತನ್ನು ಐವತ್ತು ಸಲ ಹೇಳಿದರೆ ಅದರಲ್ಲಿ ತಿರುವುಗಳು ತಾವಾಗಿಯೇ ಹುಟ್ಟುತ್ತವೋ ಏನೋ. ಮಂಜ ಆಗ ಇನ್ನೂ ನಮ್ಮಲ್ಲಿ ಕೆಲಸಕ್ಕೆ ಸೇರಿರಲಿಲ್ಲ, ಮೂರನೆಯ ಸಾಕ್ಷಿ ಇಲ್ಲ. ಯಾರೇ ಏನೇ ಹೇಳಿದರೂ ಆಧಾರ ಕೇಳು ಅಂತ ಯೂನಿವರ್ಸಿಟಿಯಲ್ಲಿ ಕಲಿತವನು ನಾನು. ನನ್ನನ್ನೇ ಕೇಳಿಕೊಂಡಿರಲಿಲ್ಲ. ಸುಳ್ಳು ಹೇಳಲು ಗಂಗಮ್ಮನಿಗೆ ಯಾವ ಕಾರಣವೂ ಇಲ್ಲ. ನನಗೆ ಒಂದಿತ್ತು, ಶನಿವಾರ ಹೊದೆಸುವ ಶಾಲು.

“ಶನಿವಾರದ ತನಕ ಇಟ್ಕೊಳ್ಳಣ ಸಾರ್” ಅಂದ ಮಂಜ. “ಸ್ಟೇಜ್ ಮ್ಯಾಲೆ ಮಕ್ಳಿಗೆ ತೋರ್ಸಿ, ಆಮ್ಯಾಕೆ ಬುಟ್ರಾಯ್ತು.”

ನಿಜ ಹೇಳಿಬಿಡುತ್ತೇನೆ. ಒಂದು ನಿಮಿಷ ನನಗೂ ಇದು ಒಳ್ಳೆಯ ಐಡಿಯಾ ಅನ್ನಿಸಿತು.

“ಶನಿವಾರಕ್ಕೆ ಇದೂ ಮಣ್ಣಲ್ಲಿರ್ತದೆ” ಅಂದಳು ಗಂಗಮ್ಮ. “ಹೊತ್ತು ಇಳಿಯದ್ರೊಳಗೆ ಇಟ್ಬುಡಣ, ಬನ್ನಿ.”

ಇಟ್ಟೆವು. ಅದೇ ಗಿಡದ ಬುಡ, ಅದೇ ತರಗೆಲೆ. ಮರಿ ಅಲ್ಲಾಡಲಿಲ್ಲ. ಗಂಗಮ್ಮ ಸುತ್ತಲಿನ ಐದು ಗಿಡ ಬಿಟ್ಟು, ಉಳಿದ ಹೆಂಗಸರನ್ನು ಮೇಲಿನ ಏರಿಗೆ ಅಟ್ಟಿದಳು. “ಈ ಸುತ್ತಿನ ಹಣ್ಣು ಮುಗಿಯಗಂಟ ಈ ಐದರ ಸುದ್ದಿಗೆ ಯಾರೂ ಬರ್ಬ್ಯಾಡಿ. ಲೋ ಮಂಜ, ಊರಿಗೆಲ್ಲ ಸಾರಬ್ಯಾಡ. ನೋಡಕ್ಕೆ ಜನ ಬತ್ತಾರೆ, ಜನದ ಹಿಂದೆ ನಾಯಿ ಬತ್ತವೆ.”

(ಕೊಯ್ಲಿನ ಆ ಸುತ್ತು ಈಗ ಮುಗಿದಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.)

ಸ್ಟೋರಿನ ಹತ್ತಿರ ಬರುವಷ್ಟರಲ್ಲಿ ಕೆಳಗಿನ ಕಾಡಿನಿಂದ ಒರಟಾಗಿ ಒಂದು ಬೊಗಳು ಕೇಳಿತು.

“ನಾಯಿನಾ?” ಮಂಜ ಗಾಬರಿಯಾದ.

“ಅವ್ವ” ಅಂದಳು ಗಂಗಮ್ಮ.

ಮರುದಿನ ಬೆಳಿಗ್ಗೆ ದೂರದಿಂದ ಬಗ್ಗಿ ನೋಡಿದೆ. ಮರಿ ಇರಲಿಲ್ಲ. ರಕ್ತ ಇರಲಿಲ್ಲ, ಎಳೆದಾಡಿದ ಗುರುತೂ ಇಲ್ಲ. ತರಗೆಲೆಯಲ್ಲಿ ಒಂದು ತಗ್ಗು, ಅಷ್ಟೇ. ತಾಯಿ ಬಂತು, ಮರಿಯನ್ನು ಮತ್ತೆ ಅಲ್ಲೇ ತಂದು ಮಲಗಿಸುತ್ತದೆ ಅಂತ ಗಂಗಮ್ಮನಿಗೆ ಗೊತ್ತು. ನನಗೆ ಗೊತ್ತಿಲ್ಲ. ಇಷ್ಟು ಆಧಾರದ ಮೇಲೆ ಯಾರಾದರೂ ಫೋಟೋ ತೆಗೆಯುತ್ತಾರೆಯೇ?

ಶನಿವಾರ ಶಾಲೆಗೆ ಹೋದೆ. ಬ್ಯಾನರಿನಲ್ಲಿ ನಾನು, ಬಾಟಲಿ, ಮರಿ. ಮೈಕ್ ಹಿಡಿದು ಹೇಳಿಯೇಬಿಟ್ಟೆ: “ಮಕ್ಕಳೇ, ಈ ಮರಿ ಸತ್ತುಹೋಯಿತು. ಬಹುಶಃ ನಾನು ಎತ್ತಿಕೊಂಡು ಬಂದದ್ದರಿಂದಲೇ.”

ಹೆಡ್‌ಮಿಸ್ ಮೈಕ್ ಇಸಿದುಕೊಂಡರು. “ನೋಡಿದ್ರಾ ಮಕ್ಕಳೇ, ಕಾಪಾಡಕ್ಕೆ ಅಷ್ಟು ಕಷ್ಟಪಟ್ಟೂ ಹೇಗೆ ಮಾತಾಡ್ತಾರೆ! ಇದಕ್ಕೇ ವಿನಯ ಅನ್ನೋದು.” ಜೋರು ಚಪ್ಪಾಳೆ. ಶಾಲು. (ಆ ‘ಬಹುಶಃ’ ನನ್ನನ್ನು ಉಳಿಸಿತು. ಬೇಕೆಂದೇ ಸೇರಿಸಿದೆನೇ? ನೆನಪಿಲ್ಲ.)

ಮುಂದಿನ ವಾರ ಪಕ್ಕದ ಎಸ್ಟೇಟಿನ ವಿನ್ಸೆಂಟ್ ಬಂದಿದ್ದರು. ಅವರ ಅಜ್ಜ ಮಂಗಳೂರಿನಿಂದ ಘಾಟಿ ಹತ್ತಿ ಬಂದು ತೋಟ ಮಾಡಿದವರು. ವಿನ್ಸೆಂಟರ ತೋಟದಲ್ಲಿ ಒಂದು ಹಣ್ಣೂ ಗಿಡದಲ್ಲಿ ಉಳಿಯುವುದಿಲ್ಲ. ಮಾತಾಡುತ್ತ ನಡೆಯುತ್ತಿದ್ದವರು ಆ ಐದು ಗಿಡದ ಮುಂದೆ ಗಕ್ಕನೆ ನಿಂತರು. ಹಣ್ಣು ಗಿಡದಲ್ಲೇ ಒಣಗಿ ಕಪ್ಪಾಗುತ್ತಿತ್ತು.

“ಎಂತ ಮಾರಾಯ್ರೆ ಇದು? ಯಾರ ಸಾಲು? ಇಂಥ ಸೋಮಾರಿಗಳನ್ನೆಲ್ಲ ಯಾಕೆ ಇಟ್ಕೊಂಡಿದ್ದೀರಿ?”

ಆಚೆ ಸಾಲಿನಿಂದ ಗಂಗಮ್ಮ ತಲೆ ಎತ್ತಿದಳು. “ನಂದೇ ಕಣ್ರಪ್ಪ. ಮರ್ತೋಯ್ತು.”

ಏನನ್ನೂ ಮರೆಯದ ಹೆಂಗಸು.

“ವಯಸ್ಸಾಯ್ತು ಇವರಿಗೆ. ನೀವು ಪಾಪ ಅಂತ ಇಟ್ಕೊಂಡಿದ್ದೀರಿ” ಅಂತ ವಿನ್ಸೆಂಟ್ ನನ್ನ ಕಿವಿಯಲ್ಲಿ ಮೆಚ್ಚುಗೆಯಿಂದ ಹೇಳಿದರು. ಅಲ್ಲಿಗೆ ನಾನು ಗಂಗಮ್ಮನ ರಕ್ಷಕನೂ ಆದೆ.

ಬಾಯಿ ತೆರೆದೆ. ಗಂಗಮ್ಮ ‘ಸಾರಬ್ಯಾಡ’ ಅನ್ನುವ ಹಾಗೆ ಒಂದು ಸಲ ನೋಡಿದಳು. ಬಾಯಿ ಮುಚ್ಚಿದೆ.

ಹಾಗೆ ಮುಚ್ಚಿ ನಾನು ಕಾಪಾಡಿದ್ದು ಮರಿಯನ್ನೋ, ಶಾಲನ್ನೋ?