ಐದನೆಯ ಹೆಸರು

2022ರ ಜುಲೈ ತಿಂಗಳ ಕೊನೆಯ ಭಾನುವಾರ. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ, ಐದನೇ ತರಗತಿಯ ಕೋಣೆಯಲ್ಲಿ ನಾವು ಏಳು ಜನ ಇದ್ದೆವು. ಊರಿನ ಹೆಸರು ಬರೆಯುವುದಿಲ್ಲ; ನನಗೆ ಬೇಕಾದವರು ಅಲ್ಲಿ ಇನ್ನೂ ಇದ್ದಾರೆ. ಮೇಜಿನ ಹಿಂದೆ ಮಹದೇವಸ್ವಾಮಿ, ಹಳೇ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ, ಗೊಬ್ಬರದ ಅಂಗಡಿ ಇಟ್ಟವನು. ಅವನ ಪಕ್ಕ ಕುಮಾರ. ಮಿಕ್ಕ ಮೂವರು ಮಕ್ಕಳ ಡೆಸ್ಕಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದರು. ಐವರೂ ನನ್ನ ಕೈಯಲ್ಲಿ ಅಕ್ಷರ ಕಲಿತವರೇ. ಆ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಪಾಠ ಮಾಡಿ ಅಲ್ಲೇ ನಿವೃತ್ತಿಯಾದ ನನ್ನನ್ನು ಸಂಘದ ಕಾರ್ಯದರ್ಶಿ ಮಾಡಿದ್ದರು. ಅಂದರೆ ನಡಾವಳಿ ಪುಸ್ತಕ ಬರೆಯುವುದು ನನ್ನ ಕೆಲಸ. ಏಳನೆಯವರು ಹಾಸಿಗೆ ಹೊಲಿಯುವ ಸತ್ತಾರ್ ಸಾಬರು. ಎಪ್ಪತ್ತೆಂಟು ವರ್ಷದ ಮುದುಕರು, ಕೂರಿ ಅಂದರೂ ಕೂರದೆ ಬಾಗಿಲ ಬಳಿ ನಿಂತಿದ್ದರು.

ಸ್ವಾತಂತ್ರ್ಯಕ್ಕೆ ಎಪ್ಪತ್ತೈದು ತುಂಬುವ ಸಂಭ್ರಮ. ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದ ಊರಿನವರ ಹೆಸರು ಕೊರೆಸಿ ಶಾಲೆಯ ಅಂಗಳದಲ್ಲಿ ಒಂದು ಕರಿಕಲ್ಲು ನಿಲ್ಲಿಸಬೇಕೆಂದು ಸಂಘ ತೀರ್ಮಾನಿಸಿತ್ತು. ಕಲ್ಲು ಚಾಮರಾಜನಗರದಲ್ಲಿ ತಯಾರಾಗುತ್ತಿತ್ತು. ಯಾರ ಮನೆಯಲ್ಲಿ ಅಂಥವರು ಇದ್ದರೋ ಅವರು ದಾಖಲೆ ತಂದು ತೋರಿಸಲಿ ಎಂದು ಟಾಂಟಾಂ ಹೊಡೆಸಿದ್ದರು. ನಾಲ್ಕು ಹೆಸರು ಆಗಲೇ ಪಾಸಾಗಿದ್ದವು.

ಆ ನಾಲ್ಕರಲ್ಲಿ ಒಂದು ಕುಮಾರನ ತಾತನದು. ಅವರು ನಲವತ್ತಮೂರನೇ ಇಸವಿಯಲ್ಲಿ ಆರು ತಿಂಗಳು ಜೈಲಿನಲ್ಲಿದ್ದುದು ನಿಜ, ಕೋರ್ಟಿನ ಕಾಗದವೂ ಇತ್ತು. ಆದರೆ ಅದು ಗಂಧದ ಮರ ಕಡಿದು ಸಿಕ್ಕಿಬಿದ್ದದ್ದಕ್ಕೆ. ನಾನು ಪಕ್ಕದ ಭೀಮನಬೀಡಿನವಳು, ನಮ್ಮಜ್ಜಿ ಅವರನ್ನು ಕರೆಯುತ್ತಿದ್ದುದೇ 'ಗಂಧದ ಸಿದ್ದಪ್ಪ' ಎಂದು. ನಾನು ಮೆಲ್ಲಗೆ ಆ ಮಾತು ತೆಗೆದಾಗ ಕುಮಾರ, ತಾತ ಬ್ರಿಟಿಷರ ಮರ ಕಡಿದು ಪ್ರತಿಭಟನೆ ಮಾಡಿದರು ಅಂದ. ಕಾಡು ಬ್ರಿಟಿಷರದಲ್ಲವಪ್ಪ, ಮಹಾರಾಜರ ಸರ್ಕಾರದ್ದು ಅಂದರೆ ಎಲ್ಲರೂ ಎರಡೂ ಒಂದೇ ಅಲ್ಲವಾ ಎಂಬಂತೆ ನನ್ನ ಮುಖ ನೋಡಿದರು. ತೀರಿಹೋದವರ ವಿಷಯ, ಹೋಗಲಿ ಎಂದು ಸುಮ್ಮನಾದೆ.

ಸತ್ತಾರ್ ಸಾಬರ ಸರದಿ ಬಂತು. ಪ್ಲಾಸ್ಟಿಕ್ ಕವರಿನಿಂದ ಮಡಿಕೆ ಹರಿದುಹೋದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಮೈಸೂರು ಜೈಲಿನಿಂದ ಅವರ ತಂದೆ ಇಮಾಮ್ ಸಾಬರನ್ನು ಬಿಟ್ಟಾಗ ಕೊಟ್ಟ ಚೀಟಿ. ಆಗ ಸತ್ತಾರ್ ಸಾಬರಿಗೆ ಮೂರು ವರ್ಷ. ಕಥೆಯೆಲ್ಲ ತಾಯಿ ಹೇಳಿದ್ದು. ಇಮಾಮ್ ಸಾಬರು ಪಕ್ಕದ ಊರಿನ ಇನ್ನಿಬ್ಬರ ಜೊತೆ ಮೈಸೂರಿಗೆ ನಡೆದೇ ಹೋಗಿ, ಘೋಷಣೆ ಕೂಗಿ, ಲಾಠಿ ಏಟು ತಿಂದು ಜೈಲು ಸೇರಿದರಂತೆ. ಒಳಗೆ ಸುಮ್ಮನೆ ಕೂರಲಾರದೆ ಜೊತೆಯವರ ಹರಕು ಕಂಬಳಿಗಳನ್ನೆಲ್ಲ ಹೊಲಿದುಕೊಟ್ಟರಂತೆ. ಬಿಟ್ಟು ಬಂದ ದಿನ ತಲೆ ಬೋಳಿಸಿಕೊಂಡು ಬಡಕಲಾಗಿದ್ದ ಗಂಡನನ್ನು ಕಂಡು ಹೆಂಡತಿ, ಭಿಕ್ಷೆಗೆ ಬಂದವನೆಂದು ರಾಗಿಹಿಟ್ಟು ತರಲು ಒಳಗೆ ಹೋದರಂತೆ. ಇದನ್ನು ಹೇಳುವಾಗ ಸತ್ತಾರ್ ಸಾಬರು ನಕ್ಕರು. ನಾವೂ ನಕ್ಕೆವು.

ಮಹದೇವಸ್ವಾಮಿ ಚೀಟಿಯನ್ನು ಬೆಳಕಿಗೆ ಹಿಡಿದು ತಾರೀಖು ಓದಿದ. ಅಕ್ಟೋಬರ್ 1947.

ಮೊದಲು ಬಾಯಿ ಬಿಟ್ಟವನು ಕುಮಾರ. "ಸ್ವತಂತ್ರ ಬಂದದ್ದು ಆಗಸ್ಟ್ನಲ್ಲಿ. ಬಂದ್ ಮ್ಯಾಲ ಜೈಲ್ಗ ಓಗವ್ರ ಅಂದ್ರ, ಏನ್ ಮಾಡಿ ಓಗಿದ್ರು ಸಾಬ್ರೇ?"

ಡೆಸ್ಕಿನವರಲ್ಲಿ ಒಬ್ಬ ಕಿಸಕ್ಕೆಂದ. ಇನ್ನೊಬ್ಬ ಮೊಬೈಲ್ ತೆಗೆದು ನೋಡಿ, ಅದರಲ್ಲೂ ಆಗಸ್ಟ್ ಹದಿನೈದೇ ಇದೆ ಅಂದ. ಕುಮಾರ ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವ ಹಾಗೆ, ದೇಶ ಒಡೆದು ಗಲಾಟೆಯಾಗಿದ್ದೂ ಅದೇ ಸಮಯದಲ್ಲಿ ಅಲ್ಲವಾ, ಇವರು ಯಾವ ಕಡೆಯ ಗಲಾಟೆಯಲ್ಲಿದ್ದರೋ ಯಾರು ಕಂಡರು ಅಂದ.

ಆ ಅಕ್ಟೋಬರಿನ ವಿಷಯ ನನಗೆ ಗೊತ್ತಿತ್ತು. ನಮ್ಮಜ್ಜಿ ಹೇಳುತ್ತಿದ್ದಳು, ಸ್ವತಂತ್ರ ಡೆಲ್ಲಿಗೆ ಮೊದಲು ಬಂತು, ನಮ್ಮ ಮೈಸೂರು ಸೀಮೆಗೆ ಎರಡು ತಿಂಗಳು ತಡವಾಗಿ ಬಂತು ಎಂದು. ಬ್ರಿಟಿಷರು ಹೋದ ಮೇಲೂ ಇಲ್ಲಿ ಆಡಳಿತ ಮಹಾರಾಜರ ದಿವಾನರ ಕೈಯಲ್ಲೇ ಇತ್ತು. ಜನ ಆರಿಸಿದ ಸರ್ಕಾರ ಬೇಕೆಂದು ಸೆಪ್ಟೆಂಬರಿನಲ್ಲಿ ಊರೂರಿಂದ 'ಮೈಸೂರು ಚಲೋ' ಎಂದು ಹೊರಟರು, ಸಾವಿರಾರು ಜನ ಜೈಲು ತುಂಬಿದರು, ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದ ಮೇಲೆ ಬಿಡುಗಡೆಯಾಯಿತು. ಇಷ್ಟನ್ನು ನಾನು ಎದ್ದು ನಿಂತು, ತರಗತಿಯಲ್ಲಿ ಹೇಳುವ ಹಾಗೆಯೇ ಬಿಡಿಸಿ ಹೇಳಿದೆ.

ಮಹದೇವಸ್ವಾಮಿ ಕೆಟ್ಟವನಲ್ಲ. ಪೂರ್ತಿ ಕೇಳಿದ. ಆಮೇಲೆ ಅಂದ, "ಮಿಸ್ಸೇ, ಆಗಸ್ಟ್ ಹದಿನೈದು ಅಂತ ನಮ್ಗ ಯೋಳ್ಕೊಟ್ಟೋರು ನೀವೇ ಅಲ್ವಾ? ಇದೇ ರೂಮ್ನಲ್ಲಿ. ನಾನು ಜನವರಿ ಅಂತ ಬರ್ದು ನಿಮ್ಮ ಕೈಲಿ ಏಟ್ ತಿಂದಿವ್ನಿ. ಈಗ ನೀವೇ ಅಕ್ಟೋಬರ್ ಅಂದ್ರ ಎಂಗ?"

ಎಲ್ಲರೂ ನಕ್ಕರು. ಪ್ರೀತಿಯ ನಗುವೇ ಅದು, ಹಳೇ ಮಿಸ್ಸಿನ ಮೇಲಿನ ಸಲುಗೆ. ಆದರೆ ನಾನು ಕೂತುಬಿಟ್ಟೆ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಹತ್ತೊಂಬತ್ತು ವರ್ಷ ಅದೇ ಒಂದು ಸಾಲು ಬರೆಸಿದ್ದೆ. ಅಜ್ಜಿ ಹೇಳಿದ್ದನ್ನು ಒಂದು ದಿನವೂ ಬೋರ್ಡಿನ ಮೇಲೆ ಬರೆದಿರಲಿಲ್ಲ. ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟಿದ್ದೆ.

ಸತ್ತಾರ್ ಸಾಬರು ಚೀಟಿಯನ್ನು ಹಳೇ ಮಡಿಕೆಗೆ ಸರಿಯಾಗಿ ಮಡಚುತ್ತಾ, "ಎಸರು ಕೊರೀದೇ ಓದ್ರೂ ಪರ್ವಾಗಿಲ್ಲ ಕಣಪ್ಪ. ನಮ್ಮಪ್ಪ ಏನೋ ಮಾಡ್ಬುಟ್ಟು ಒಳಗ ಓಗಿದ್ದ ಅಂತ ಮಾತ್ರ ಅನ್ಬ್ಯಾಡಿ" ಅಂದರು.

ಅಯ್ಯೋ ಹಾಗೆ ಯಾರು ಅಂದರು ಸಾಬರೇ ಎಂದು ಮಹದೇವಸ್ವಾಮಿ ಸಮಾಧಾನ ಹೇಳಿದ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, ಬರೆದುಕೊಳ್ಳಿ ಅಂದ. 'ಸ್ವಾತಂತ್ರ್ಯಾನಂತರ ಜೈಲುವಾಸ ಅನುಭವಿಸಿರುವ ಕಾರಣ ಸದರಿ ಹೆಸರನ್ನು ಪರಿಗಣಿಸಲಾಗಿಲ್ಲ.' ಬರೆದವಳು ನಾನೇ. ಕೆಳಗೆ ರುಜು ಹಾಕಿದವಳೂ ನಾನೇ. ಸಭೆಯ ತೀರ್ಮಾನ, ನನ್ನದಲ್ಲ ಎಂದು ಆಗ ಮನಸ್ಸಿಗೆ ಹೇಳಿಕೊಂಡೆ.

ಮನಸ್ಸು ಕೇಳಲಿಲ್ಲ. ನಾಲ್ಕು ದಿನ ಬಿಟ್ಟು ಚಾಮರಾಜನಗರದ ಬಸ್ಸು ಹತ್ತಿದೆ. ಅಲ್ಲಿನ ಗ್ರಂಥಾಲಯದಲ್ಲಿ ಅರ್ಧ ದಿನ ಹುಡುಕಿ, ನಮ್ಮ ಸೀಮೆಯ ಚಳವಳಿಯ ಬಗ್ಗೆ ಇದ್ದ ಹಳೇ ಪುಸ್ತಕವೊಂದರಿಂದ ಎರಡು ಪುಟ ಜೆರಾಕ್ಸ್ ಮಾಡಿಸಿದೆ. ಇಮಾಮ್ ಸಾಬರ ಹೆಸರು ಅದರಲ್ಲಿರಲಿಲ್ಲ. ಆದರೆ ಸೆಪ್ಟೆಂಬರಿನ ಚಳವಳಿ, ಅಕ್ಟೋಬರಿನ ಬಿಡುಗಡೆ ಎಲ್ಲ ಸ್ಪಷ್ಟವಾಗಿತ್ತು. ಅದನ್ನು ಹಿಡಿದು ಕಲ್ಲು ಕೊರೆಯುವವರ ಶೆಡ್ಡಿಗೆ ಹೋದೆ. ನಮ್ಮ ಕಲ್ಲು ಗೋಡೆಗೆ ಒರಗಿತ್ತು, ಪಾಲಿಶ್ ಆಗಿ ಕನ್ನಡಿಯ ಹಾಗೆ ಮಿನುಗುತ್ತಿತ್ತು. ನಾಲ್ಕು ಹೆಸರು ಕೊರೆದಾಗಿತ್ತು. ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ. ಶೆಡ್ಡಿನವರು, ಇನ್ನೊಂದು ಹೆಸರಿಗೆ ಅರ್ಧ ಗಂಟೆ ಕೆಲಸ ಅಮ್ಮ, ಅಧ್ಯಕ್ಷರು ಒಂದು ಮಾತು ಹೇಳಿದರೆ ಈಗಲೇ ಕೂರುತ್ತೇನೆ ಅಂದರು.

ಅಲ್ಲೇ ನಿಂತು ಮಹದೇವಸ್ವಾಮಿಗೆ ಫೋನು ಮಾಡಿದೆ. ಜೆರಾಕ್ಸಿನ ಸಾಲುಗಳನ್ನು ಒಂದೂ ಬಿಡದೆ ಓದಿ ಹೇಳಿದೆ.

"ನೀವು ಯೋಳದು ದಿಟ್ವೇ ಇರ್ಬೋದು ಮಿಸ್ಸೇ. ನಾನು ನಂಬ್ತೀನಿ. ಆದ್ರ ನಾಳ ಊರಿನ ಜನ ಕೇಳ್ತಾರಲ್ಲ. ಕಲ್ಲ ಮುಂದ ನಿಂತ್ಕಂಡು ಒಬ್ಬೊಬ್ರಿಗೂ ಪಾಠ ಮಾಡಕಾದದಾ? ಬುಟ್ಬುಡಿ."

ಮಾಡುತ್ತೇನೆ ಕಣಪ್ಪ, ನಾನೇ ನಿಂತು ಮಾಡುತ್ತೇನೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹಾಗೆ ಹೇಳಿದರೆ ಕುಮಾರ ಏನನ್ನುತ್ತಾನೆ, ಮುಂದೆ ಸಂಘದಲ್ಲಿ ನನ್ನ ಮುಖ ಯಾರು ನೋಡುತ್ತಾರೆ ಎಂಬ ಲೆಕ್ಕ ತಲೆಯಲ್ಲಿ ಓಡಿತು. ಸರಿ ಬಿಡು ಎಂದು ಫೋನು ಇಟ್ಟೆ. ಶೆಡ್ಡಿನವರು ನನಗೆ ಎಳನೀರು ತರಿಸಿಕೊಟ್ಟರು. ಅದನ್ನು ಕುಡಿದು ಊರಿನ ಬಸ್ಸು ಹತ್ತಿದೆ.

ಆಗಸ್ಟ್ ಹದಿನೈದರಂದು ಕಲ್ಲು ನಿಂತಿತು. ಖಾಲಿಯಿದ್ದ ಜಾಗದಲ್ಲಿ ಶಾಮಿಯಾನ ಕೊಟ್ಟ ದಾನಿಗಳ ಹೆಸರು ಬಂದಿತ್ತು. ಪರದೆ ಸರಿಸಿದ ಮುಖ್ಯ ಅತಿಥಿಗಳು ಮೈಕು ಹಿಡಿದು, ಸಮಸ್ತ ನಾಗರಿಕರಿಗೆ ಎಪ್ಪತ್ತೈದನೇ ಗಣರಾಜ್ಯೋತ್ಸವದ ಶುಭಾಶಯಗಳು ಅಂದರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ತಿದ್ದಬೇಕೆಂದು ಯಾರಿಗೂ ಅನ್ನಿಸಲಿಲ್ಲ. ತಪ್ಪು ಕೇಳಿಸಿದವರೇ ಎಷ್ಟು ಜನವೋ. ಅದೇ ಜನ ಒಬ್ಬ ಮುದುಕನ ತಂದೆಯನ್ನು ತಾರೀಖು ನೋಡಿ ಹೊರಗಿಟ್ಟಿದ್ದರು.

ಸಂಜೆ ಸತ್ತಾರ್ ಸಾಬರ ಅಂಗಡಿಗೆ ಹೋದೆ. ಹತ್ತಿಯ ರಾಶಿಯ ನಡುವೆ ಕೂತು ದಿಂಬಿನ ಬಾಯಿ ಹೊಲಿಯುತ್ತಿದ್ದರು. ಬೀದಿಯಲ್ಲಿ ಪಡ್ಡೆ ಹುಡುಗರು ಅವರನ್ನು 'ಜೈಲ್ ಸಾಬ್ರು' ಎಂದು ಕೂಗುವುದಕ್ಕೆ ಶುರುಮಾಡಿದ್ದರೆಂದು ನನಗೆ ತಿಳಿದಿತ್ತು. ಜೆರಾಕ್ಸು ಕೊಟ್ಟು, ಮುಂದಿನ ವರ್ಷವಾದರೂ ಹೆಸರು ಸೇರಿಸೋಣ, ನಾನು ಎಲ್ಲರಿಗೂ ತಿಳಿಸಿ ಹೇಳುತ್ತೇನೆ ಅಂದೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎರಡೂ ಪುಟ ನಿಧಾನವಾಗಿ ಓದಿದರು.

"ನನ್ನ ಮಗ ಇಲ್ಲೇ ಬಾಳ್ಬೇಕು ಮಿಸ್ಸೇ. ಅವ್ನ ಮಕ್ಳು ಅದೇ ಇಸ್ಕೂಲ್ಗ ಓಗ್ಬೇಕು. ನಮ್ಮಪ್ಪ ಜೈಲ್ಗ ಓಗಿದ್ದು ಈ ಊರ್ಗ ಮರ್ತೋದ್ರ ಸಾಕು ನಂಗ" ಅಂದರು. ಆಮೇಲೆ ಟೀ ತರಿಸಿದರು, ನನ್ನ ಮಂಡಿನೋವಿನ ಬಗ್ಗೆ ವಿಚಾರಿಸಿದರು. ಜೆರಾಕ್ಸನ್ನು ನನ್ನ ಕೈಗೇ ವಾಪಸು ಕೊಟ್ಟರು.

ನಾನು ಕಾರ್ಯದರ್ಶಿ ಕೆಲಸ ಬಿಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ನಡಾವಳಿ ಪುಸ್ತಕ ಇವತ್ತಿಗೂ ಶಾಲೆಯ ಬೀರುವಿನಲ್ಲಿದೆ. ನನ್ನ ಅಕ್ಷರ ದುಂಡಗೆ ಚೆನ್ನಾಗಿದೆ ಎಂದು ಹೊಸಬರು ಹೊಗಳುತ್ತಾರಂತೆ.

ಎರಡು ವರ್ಷ ಕಳೆದು, ಮತ್ತೆ ಆಗಸ್ಟ್ ಹದಿನೈದಕ್ಕೆ ಶಾಲೆಯವರು ಕರೆದರು. ಮಕ್ಕಳ ಭಾಷಣಕ್ಕೆ ನನ್ನನ್ನು ತೀರ್ಪುಗಾರಳಾಗಿ ಕೂರಿಸಿದ್ದರು. ಐದನೇ ತರಗತಿಯ ಅಫ್ರೀನ್ ಎಂಬ ಹುಡುಗಿ ಎರಡು ಜಡೆಗೆ ಬಿಳಿ ರಿಬ್ಬನ್ ಕಟ್ಟಿಕೊಂಡು ವೇದಿಕೆಗೆ ಬಂದಳು. ಸತ್ತಾರ್ ಸಾಬರ ಮೊಮ್ಮಗಳು. ವಿಷಯ, ನಮ್ಮೂರಿನ ಸ್ವಾತಂತ್ರ್ಯ ಹೋರಾಟಗಾರರು. ನಮ್ಮ ಊರಿನಿಂದ ನಾಲ್ಕು ಜನ ಮಹನೀಯರು ಸೆರೆಮನೆ ವಾಸ ಅನುಭವಿಸಿದರು ಎಂದು ಹೇಳಿ ಕಲ್ಲಿನಲ್ಲಿದ್ದ ನಾಲ್ಕು ಹೆಸರನ್ನೂ ಒಂದೊಂದಾಗಿ, ಎಲ್ಲೂ ತಡವರಿಸದೆ ಹೇಳಿದಳು. ಸಿದ್ದಪ್ಪನವರ ಹೆಸರಿಗೆ ಕುಮಾರ ಎದ್ದು ನಿಂತು ಚಪ್ಪಾಳೆ ತಟ್ಟಿದ. ಇಷ್ಟು ಸ್ಪಷ್ಟವಾಗಿ ಬೇರೆ ಯಾರೂ ಮಾತಾಡಿರಲಿಲ್ಲ. ಮೊದಲ ಬಹುಮಾನ ಅವಳಿಗೇ ಬಂತು. ನಾನೇ ಸ್ಟೀಲ್ ಲೋಟ ಕೊಟ್ಟೆ.

ಯಾರು ಬರೆದುಕೊಟ್ಟರು ಕಂದ ಎಂದು ಕೇಳಿದೆ.

"ನಮ್ ತಾತ ಮಿಸ್. ಸಾಯಂಕಾಲ ನನ್ನ ಕರ್ಕೊಂಡ್ಬಂದು, ಕಲ್ಲು ನೋಡ್ಕಂಡು ಬರೆಸಿದ್ರು."